ಅತ್ತೆಯ ಐದು ಗಂಟೆ ಯಾರ ಲೆಕ್ಕದಲ್ಲಿ?

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ತವರು ಧಾರವಾಡದ ಕಡೆ. ಒಂದು ಹಾಲ್, ಒಂದು ಬೆಡ್‌ರೂಮಿನ ಮನೆ. ಗಂಡ, ಅತ್ತೆ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮೂರು ವರ್ಷದಿಂದ ಕೂಸುಗಳಿಗೆ ಪುಟ್ಟ ಕೌದಿ, ಕುಲಾವಿ, ಬಟ್ಟೆಯ ಬೊಂಬೆ ಹೊಲಿದು ಮಾರುತ್ತಿದ್ದಾರೆ. ದಾದರ್ ಕಡೆಯ ಅಂಗಡಿಯೊಂದು ದೀಪಾವಳಿಗೆ ನೂರು ಕೌದಿ ಕೇಳಿದೆಯಂತೆ. ಒಂದಕ್ಕೆ 500 ರೂಪಾಯಿ, ಹಣ ಅರವತ್ತು ದಿನದ ಮೇಲೆ. ಕಳೆದ ತಿಂಗಳು ಮಗ ಬೊಂಬೆಯ ಗುಂಡಿ ಕಿತ್ತು ಮೂಗಿಗೆ ಸೇರಿಸಿಕೊಂಡು, ರಾತ್ರಿ ಹತ್ತಕ್ಕೆ ಡಾಕ್ಟರ ಹತ್ತಿರ ಓಡಬೇಕಾಯಿತು. ಅವತ್ತಿನಿಂದ ಮನೆಯಲ್ಲಿ ಒಂದೇ ಮಾತು, ನಿಲ್ಲಿಸು ಅಂತ. "ಸಂಸಾರ ನೋಡ್ಲ್ಯೋ, ಮಷೀನ್ ತುಳೀಲ್ಯೋ, ನೀವ ಹೇಳ್ರಿ" ಎಂದು ಪತ್ರ ಮುಗಿಸಿದ್ದಾರೆ.

ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಗುಂಡಿಯ ಕಥೆಗೆ ಎದೆ ಧಸಕ್ಕೆಂದಿತು. ಎರಡನೇ ಸಲ ಓದಿದಾಗ ಕೊನೆಯ ಪುಟದ ಲೆಕ್ಕದ ಮೇಲೆ ಕಣ್ಣು ನಿಂತಿತು. ಆ ಪುಟ ಬರೆದದ್ದಕ್ಕೆ ನಿಮಗೆ ಶಾಬಾಸ್ ಹೇಳಬೇಕು. ಮನೆಯಲ್ಲಿ ಕೂತು ದುಡಿಯುವ ಹೆಚ್ಚಿನವರು ಈ ಲೆಕ್ಕ ಹಾಕುವುದೇ ಇಲ್ಲ. ಗೊತ್ತಾದರೆ ಬೇಜಾರಾಗುತ್ತದೆ ಎಂಬ ಭಯ.

ಒಂದು ಕೌದಿಗೆ 650 ರೂಪಾಯಿ ತೆಗೆದುಕೊಳ್ಳುತ್ತೀರಿ. ಬಟ್ಟೆಗೆ 290, ನೂಲು-ಲೇಸಿಗೆ 40. ಉಳಿಯುವುದು 320. ನಿಮಗೆ ಹಿಡಿಯುವುದು ಹದಿನಾಲ್ಕು ಗಂಟೆ. ಅಂದರೆ ಗಂಟೆಗೆ ಹೆಚ್ಚುಕಡಿಮೆ 23 ರೂಪಾಯಿ. ನಮ್ಮ ಮುಂಬಯಿಯಲ್ಲಿ 2025ರ ಫೆಬ್ರವರಿಯಿಂದ ರಿಕ್ಷಾದ ಮೀಟರ್ ಕೆಳಗಿಳಿಸಿದರೆ ಮೊದಲ ಒಂದೂವರೆ ಕಿಲೋಮೀಟರಿಗೇ 26 ರೂಪಾಯಿ. ನಿಮ್ಮ ಒಂದು ಗಂಟೆಯ ದುಡಿಮೆಯಲ್ಲಿ ನೀವು ರಿಕ್ಷಾ ಹತ್ತುವ ಹಾಗೂ ಇಲ್ಲ.

ಆದರೆ ಈ ಲೆಕ್ಕವೂ ಪೂರ್ತಿ ಅಲ್ಲ. ಮೂರನೇ ಪುಟದಲ್ಲಿ ಯಾವುದೋ ಮಾತಿನ ನಡುವೆ ಒಂದು ಸಾಲು ಬರೆದಿದ್ದೀರಿ: "ಮಧ್ಯಾಹ್ನ ಅತ್ತೆಯವರು ಕೈಹೊಲಿಗೆ ಹಾಕುತ್ತಾರೆ, ಒಂದು ಕೌದಿಗೆ ಐದು ತಾಸು ಆಗುತ್ತದೆ." ಆ ಐದು ತಾಸು ಕೊನೆಯ ಪುಟದ ಲೆಕ್ಕಕ್ಕೆ ಬರುವಷ್ಟರಲ್ಲಿ ಎಲ್ಲಿ ಹೋಯಿತು? ಅದನ್ನೂ ಸೇರಿಸಿದರೆ ಹತ್ತೊಂಬತ್ತು ತಾಸು. ಗಂಟೆಗೆ 17 ರೂಪಾಯಿ.

ಗಂಡ ನಿಮ್ಮ ಕೆಲಸಕ್ಕೆ "ಟೈಮ್‌ಪಾಸ್" ಅನ್ನುತ್ತಾರೆ ಎಂದು ನೊಂದುಕೊಂಡಿದ್ದೀರಿ. ನ್ಯಾಯವೇ. ಆದರೆ ಅತ್ತೆಯ ಕೆಲಸವನ್ನು ನೀವು ಏನಂತ ಕರೆದಿರಿ? ಹೆಸರೇ ಇಡಲಿಲ್ಲ. ಚುಚ್ಚಲು ಹೇಳುತ್ತಿಲ್ಲ. ನಾನೂ ಇದೇ ತಪ್ಪು ಮಾಡುತ್ತಾ ಬೆಳೆದವಳು.

ನನ್ನ ತಾಯಿ ಪರೇಲಿನ ಚಾಳಿನಲ್ಲಿ ಫ್ರಾಕ್ ಹೊಲಿಯುತ್ತಿದ್ದಳು. ಗುಂಡಿ ಕೂರಿಸುವುದು, ಅಂಚು ಮಡಿಸುವುದು, ನೂಲು ಕತ್ತರಿಸುವುದು ನಮ್ಮ ಅಜ್ಜಿಯ ಪಾಲು. ಅಜ್ಜಿ ಸುಮ್ನೆ ಕೂತಿದ್ದಾರೆ ಅಂತಲೇ ನಾವು ಹೇಳುತ್ತಿದ್ದೆವು. ಅಜ್ಜಿ ತೀರಿಕೊಂಡ ಮೇಲೆ ತಿಂಗಳಿಗೆ ನಲವತ್ತು ಫ್ರಾಕ್ ಹೋಗಿ ಇಪ್ಪತ್ತೈದಕ್ಕೆ ಇಳಿಯಿತು. ಆಗ ಗೊತ್ತಾಯಿತು ಅವರು ಎಷ್ಟು "ಸುಮ್ನೆ" ಕೂತಿದ್ದರು ಅಂತ.

ಲಿಜ್ಜತ್ ಪಾಪಡ್ ಕಥೆಯನ್ನು ನಿಮಗೂ ಯಾರೋ ಹೇಳಿಯೇ ಇರುತ್ತಾರೆ. ಮಹಿಳಾ ಮಂಡಲದ ಭಾಷಣದಲ್ಲಿ ಅದು ಬಾರದೆ ಇರುವುದಿಲ್ಲ. 1959ರಲ್ಲಿ ಗಿರ್ಗಾಂವ್‌ನಲ್ಲಿ ಏಳು ಹೆಂಗಸರು, 80 ರೂಪಾಯಿ ಸಾಲ. ಎಲ್ಲರೂ ಆ ಎಂಬತ್ತು ರೂಪಾಯಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಬೇರೆ. ಅಲ್ಲಿ ಬೆಳಿಗ್ಗೆ ಹಿಟ್ಟು ಒಯ್ದು, ಮನೆಯಲ್ಲಿ ಲಟ್ಟಿಸಿ, ಮರುದಿನ ಹಪ್ಪಳ ತಂದುಕೊಟ್ಟವಳಿಗೆ ಲಟ್ಟಿಸಿದ ಕೂಲಿ ಇದೆ. ಅವಳು ಆ ಸಂಸ್ಥೆಯ ಒಡತಿಯರಲ್ಲಿ ಒಬ್ಬಳು ಕೂಡ. ಒಡತಿ ಅಂತ ಕೂಲಿ ಬಿಟ್ಟುಕೊಡುವುದಿಲ್ಲ. ಕೈಗೆ ಮೊದಲು ಕೂಲಿ, ಲಾಭದ ಮಾತು ಆಮೇಲೆ. ನೀವು ಮಾಡಿದ್ದು ಉಲ್ಟಾ. ಬಟ್ಟೆ ಅಂಗಡಿಯವನಿಗೆ ಕೊಟ್ಟು, ನೂಲಿನವನಿಗೆ ಕೊಟ್ಟು, ಉಳಿದರೆ ನಮಗೆ ಅಂದಿರಿ.

ಹಾಗಾದರೆ ಗಂಟೆಗೆ ಎಷ್ಟು? 60 ಎಂದು ಇಟ್ಟುಕೊಳ್ಳೋಣ, ಇಬ್ಬರಿಗೂ ಒಂದೇ ದರ. 19 ತಾಸಿಗೆ 1140, ಸಾಮಾನಿನ 330 ಸೇರಿ 1470. "ಹೊರಗೆ ಮುನ್ನೂರಕ್ಕೆ ಸಿಗ್ತದ" ಎಂದ ನಿಮ್ಮ ಪಕ್ಕದ ಮನೆಯವರು ಇದನ್ನು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳಲಿ. ಮುನ್ನೂರಕ್ಕೆ ಸಿಗುವುದು ಮಷೀನಿನಲ್ಲಿ ಪಾಲಿಯೆಸ್ಟರ್ ತುಂಬಿದ ರಜಾಯಿ. ಅದು ಬೇಕಾದವರು ಅದನ್ನೇ ಕೊಳ್ಳಬೇಕು. ಅವರನ್ನು ಒಪ್ಪಿಸಲು ಹೋಗಿ ನೀವು ರಾತ್ರಿ ಒಂದರವರೆಗೆ ಕೂರುವುದು ಯಾಕೆ?

ಆದರೂ 1470 ಕೊಟ್ಟು ಕೊಳ್ಳುವವರು ಯಾರು ಅಂತ ಕೇಳುತ್ತೀರಿ ಅಲ್ವಾ? ನನ್ನ ಸಲಹೆ, ಹೊಸ ಬಟ್ಟೆಯ ಕೌದಿ ಹೊಲಿದಿಟ್ಟು ಮಾರುವುದನ್ನು ಬಿಡಿ. ಕೌದಿ ಅನ್ನುವುದೇ ಹಳೆ ಸೀರೆಯ ಸಂತಾನ. ಮನೆಯವರು ತಮ್ಮ ಸೀರೆ ಕೊಡುವುದು, ಹೊಲಿಯುವವರು ಕೂಲಿ ತೆಗೆದುಕೊಳ್ಳುವುದು, ಇದು ನಮ್ಮ ಕಡೆಯ ಹಳೆಯ ಕ್ರಮ. ಮರಾಠಿಯವರ ಗೋಧಡಿಯದೂ ಅದೇ ಕಥೆ. ಮಗುವಿನ ಅಜ್ಜಿಯ ಇಳಕಲ್ ಸೀರೆ ಗಿರಾಕಿಯೇ ತಂದುಕೊಟ್ಟರೆ ಬಟ್ಟೆಯ ಖರ್ಚು ಹೋಯಿತು. ಉಳಿಯುವುದು ನಿಮ್ಮಿಬ್ಬರ ಕೂಲಿ, ನೂಲು. ಹೆಚ್ಚುಕಡಿಮೆ 1200 ರೂಪಾಯಿ. ಅಜ್ಜಿಯ ಸೀರೆಗೆ ಅಂಗಡಿಯ ರಜಾಯಿ ಪೈಪೋಟಿ ಕೊಡಲಾರದು. ತಿಂಗಳಿಗೆ ಮೂರೇ ಸಾಕು.

ದಿನದ ಗಳಿಕೆ ಕುಲಾವಿಯಿಂದ ಬರಲಿ. ಅದೂ ನಿಮ್ಮ ಲೆಕ್ಕದಲ್ಲೇ ಇದೆ, ನೀವು ನೋಡಿಲ್ಲ. ಒಂದು ಕುಲಾವಿಗೆ ನಲವತ್ತು ನಿಮಿಷ, ಬಟ್ಟೆ 30 ರೂಪಾಯಿ, ಮಾರುವುದು 120ಕ್ಕೆ. ಗಂಟೆಗೆ 135 ರೂಪಾಯಿ ಬಿತ್ತು. ಕೌದಿಯ ಸುಮಾರು ಆರು ಪಟ್ಟು! ಮೂರು ವರ್ಷದಿಂದ ಕೌದಿಯೇ ನಮ್ಮ ಮುಖ್ಯ ಮಾಲು, ಕುಲಾವಿ ಚಿಲ್ಲರೆ ಅಂತ ತಿಳಿದಿದ್ದೀರಿ. ಕುಲಾವಿ, ಕುಂಚಿಗೆ, ಸುತ್ತುವ ಬಟ್ಟೆ, ಎರಡು ಜಬಲಾ ಸೇರಿಸಿ ಒಂದು ಡಬ್ಬಿ ಮಾಡಿ. ಮರಾಠಿಯಲ್ಲಿ ಅದನ್ನು ಬಾಳಂತವಿಡಾ ಅನ್ನುತ್ತಾರೆ. ಬಾರಸೆಗೆ, ಅಂದರೆ ನಾಮಕರಣಕ್ಕೆ, ಏನು ಒಯ್ಯುವುದು ಎಂದು ತಲೆ ಕೆರೆದುಕೊಳ್ಳುವ ಅತ್ತೆ, ಮಾವಶಿಯರು ನಿಮ್ಮ ಸೊಸೈಟಿಯಲ್ಲೇ ಬೇಕಾದಷ್ಟು ಜನ ಇದ್ದಾರೆ.

ಈಗ ಆ ಅಂಗಡಿಯ ನೂರು ಕೌದಿ. ನೂರನ್ನು ಹದಿನಾಲ್ಕರಿಂದ ಗುಣಿಸಿ: 1400 ಗಂಟೆ. ದಿನಕ್ಕೆ ನಾಲ್ಕು ಗಂಟೆ ಸಿಗುತ್ತದೆ ಅಂದಿದ್ದೀರಿ. ಭಾನುವಾರ, ಹಬ್ಬ, ಮಕ್ಕಳ ಜ್ವರ ಯಾವುದನ್ನೂ ಬಿಡದೆ ಕೂತರೂ 350 ದಿನ. ಒಟ್ಟಿಗೆ ಕತ್ತರಿಸಿ, ಒಟ್ಟಿಗೆ ಹೊಲಿದು ಅರ್ಧ ಸಮಯ ಉಳಿಸಿದರೂ ಆರು ತಿಂಗಳು. ಅದರ ಮೇಲೆ 33,000 ರೂಪಾಯಿಯ ಸಾಮಾನು ಮೊದಲೇ ನಿಮ್ಮ ಕೈಯಿಂದ. ಹಣ ಅರವತ್ತು ದಿನಕ್ಕೆ. ಇದು ಆರ್ಡರ್ ಅಲ್ಲ, ಶಿಕ್ಷೆ.

ಹಾಗಂತ ಅಂಗಡಿಯವರಿಗೆ ಬೆನ್ನು ತಿರುಗಿಸಬೇಡಿ. ಕೌದಿ ಆಗುವುದಿಲ್ಲ, ನೂರು ಕುಲಾವಿ ಕೊಡುತ್ತೇನೆ ಅನ್ನಿ. ಅದು 67 ಗಂಟೆಯ ಕೆಲಸ, ಹದಿನೇಳು ದಿನ. ಸಗಟು ದರ ಅಂತ 95ಕ್ಕೆ ಇಳಿದರೂ ನಿಮಗೆ ನಷ್ಟವಿಲ್ಲ. ಅರ್ಧ ಹಣ ಮುಂಗಡ ಕೇಳಿ. ಕೊಡದಿದ್ದರೆ ಇಪ್ಪತ್ತೈದು ಮಾತ್ರ ಕೊಟ್ಟು ನೋಡಿ. ನನ್ನ ತಾಯಿಯ ಫ್ರಾಕ್ ತೆಗೆದುಕೊಂಡ ಅಂಗಡಿಯೊಂದು ಮೂರು ತಿಂಗಳು ಹಣ ಕೊಡಲಿಲ್ಲ. ಪ್ರತಿ ಗುರುವಾರ ಅವಳ ಜೊತೆ ಹೋಗಿ ಬಟ್ಟೆಯ ಗಂಟಿನ ಮೇಲೆ ಕೂರುವುದು ನನ್ನ ಕೆಲಸವಾಗಿತ್ತು. ಚಹಾ ಮಾತ್ರ ತಪ್ಪದೆ ಕೊಡುತ್ತಿದ್ದರು, ಒಳ್ಳೆಯ ಚಹಾ.

ಅವಳಿಗೆ ಇಲ್ಲದ್ದು ಒಂದು ನಿಮಗಿದೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿದ ಉದ್ಯಮ್ ನೋಂದಣಿ 2020ರ ಜುಲೈನಿಂದ ಶುರುವಾಗಿದೆ. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್ ನಂಬರ್ ಹಾಕಿ ನೀವೇ ಮಾಡಬಹುದು, ಒಂದು ಪೈಸೆ ಖರ್ಚಿಲ್ಲ. ಸಾವಿರ ರೂಪಾಯಿ ಕೇಳುವ ಏಜೆಂಟರನ್ನು ನಂಬಬೇಡಿ. ಅದಾದ ಮೇಲೆ ನಿಮ್ಮಂಥ ಸಣ್ಣ ಉತ್ಪಾದಕರಿಂದ ಮಾಲು ಕೊಂಡವರು 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ ಹದಿನೈದೇ ದಿನ. ಇದು 2006ರ ಕಾಯಿದೆ. ಅರವತ್ತು ದಿನ ಅಂತ ಒಪ್ಪಂದ ಮಾಡಿಕೊಂಡರೂ ಅದು ನಿಲ್ಲುವುದಿಲ್ಲ. ಸಮಯಕ್ಕೆ ಕೊಡದ ಹಣವನ್ನು ಅವರು ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವ ಹಾಗೂ ಇಲ್ಲ. ಕಾಯಿದೆ ಹಿಡಿದು ಜಗಳಕ್ಕೆ ಹೋಗಿ ಅನ್ನುತ್ತಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಇರಲಿ. ಅವರ ಸಿಎ, ಅಂದರೆ ತೆರಿಗೆ ಲೆಕ್ಕ ನೋಡುವವರು, ಅದನ್ನು ನೋಡಿದರೆ ಸಾಕು.

ಜಿಎಸ್‌ಟಿ ಬಗ್ಗೆ ಎರಡೇ ಮಾತು. ಮಹಾರಾಷ್ಟ್ರದೊಳಗೆ ಮಾರುವ ಸರಕಿಗೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಡ, ನಿಮಗೆ ಸದ್ಯ ಆ ಚಿಂತೆ ಇಲ್ಲ. ಹುಬ್ಬಳ್ಳಿಗೆ ಕೊರಿಯರ್ ಮಾಡಿದರೆ ರಾಜ್ಯ ದಾಟಿತು, ನಿಯಮ ಬೇರೆಯಾಯಿತು. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ. ಕಳಿಸುವ ಮೊದಲು ಒಬ್ಬ ಸಿಎಯನ್ನು ಕೇಳಿ.

ಬೊಂಬೆಗೆ ಬರುತ್ತೇನೆ. ಐಎಸ್‌ಐ ಗುರುತು ಬೇಕೆಂದು ಯಾರೋ ಹೆದರಿಸಿದರು ಅಂದಿರಿ. ಅವರು ಹೇಳಿದ್ದು ನಿಜ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆಲ್ಲ ಅದು ಕಡ್ಡಾಯ. ಬಟ್ಟೆಯ ಬೊಂಬೆ ಅಂತ ಬಿಟ್ಟಿಲ್ಲ. ಕೌದಿ, ಕುಲಾವಿ ಆಟಿಕೆಯಲ್ಲ, ಅವಕ್ಕೆ ಇದು ತಗಲುವುದಿಲ್ಲ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಆ ಗುರುತಿನ ಚೀಟಿಗೆ ಅರ್ಜಿ ಹಾಕಿ. ಕೈಗೆ ಬರುವ ತನಕ ಬೊಂಬೆ ನಿಲ್ಲಿಸಿ.

ಚೀಟಿ ಬಂದ ಮೇಲೂ ಗುಂಡಿಯ ಕಣ್ಣು ಬೇಡ. ನೂಲಿನಲ್ಲೇ ಕಣ್ಣು ಹೊಲಿಯಿರಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಪರೀಕ್ಷೆ ಇದೆ. ಸುಮಾರು ಮೂರು ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೂ ಇಳಿಯಬಹುದು ಅಂತ ಲೆಕ್ಕ. ಹಳೆ ಕ್ಯಾಮೆರಾ ರೋಲಿನ ಡಬ್ಬಿ ಮನೆಯಲ್ಲಿದ್ದರೆ ಅದರಲ್ಲೇ ಹಾಕಿ ನೋಡಬಹುದು. ಕುಂಚಿಗೆಯ ಅಂಚಿನ ಗೆಜ್ಜೆಯೂ ಅದರೊಳಗೆ ಇಳಿಯುತ್ತದೆ. ನಮ್ಮ ಅಜ್ಜಿಯರು ಹಾಕುತ್ತಿದ್ದರು, ನಿಜ. ಆಗ ಮನೆ ತುಂಬ ಜನ, ಕೂಸಿನ ಮೇಲೆ ಹತ್ತು ಕಣ್ಣು. ಮಾರುವ ಮಾಲಿಗೆ ಗೆಜ್ಜೆ ಬೇಡ. ಕೌದಿಯ ಜೊತೆ ಒಂದು ಚೀಟಿ ಇಡಿ: ಇದು ನೆಲಕ್ಕೆ ಹಾಸಿ ಕೂಸನ್ನು ಆಡಿಸಲು, ವರ್ಷ ತುಂಬದ ಮಗು ಮಲಗಿದಾಗ ಪಕ್ಕದಲ್ಲಿ ಬಿಡಬೇಡಿ. ಮೆತ್ತನೆಯದು ಮೂಗಿನ ಮೇಲೆ ಬಂದರೆ ಸರಿಸಿಕೊಳ್ಳಲು ಅಷ್ಟು ಚಿಕ್ಕ ಕೂಸಿಗೆ ಆಗುವುದಿಲ್ಲ.

ನಿಮ್ಮ ಮಗನಿಗೆ ಆದದ್ದಕ್ಕೆ ವ್ಯಾಪಾರ ನಿಲ್ಲಿಸಬೇಕಾಗಿಲ್ಲ. ಹಾಲಿನ ನಡುವೆ ಮಷೀನ್, ಸೋಫಾದ ಮೇಲೆ ಗುಂಡಿಯ ಪೊಟ್ಟಣ, ಇದು ನಿಲ್ಲಬೇಕು. ಸೂಜಿ, ಕತ್ತರಿ, ಗುಂಡಿ ಎಲ್ಲ ಒಂದು ಟ್ರಂಕಿಗೆ, ಟ್ರಂಕಿಗೆ ಬೀಗ. ಮಕ್ಕಳು ಶಾಲೆಯಲ್ಲಿರುವ ನಾಲ್ಕು ಗಂಟೆ ಮಾತ್ರ ಅದು ತೆರೆಯಲಿ. ರಾತ್ರಿ ಊಟದ ಮೇಲೆ "ಒಂದೇ ಒಂದು ಹೊಲಿಗೆ" ಅಂತ ಕೂರುವುದು ಬೇಡ. ಆ ಒಂದು ಹೊಲಿಗೆ ಯಾವತ್ತೂ ಒಂದಕ್ಕೆ ನಿಂತದ್ದಿಲ್ಲ, ನಿಮಗೂ ಗೊತ್ತು.

ಬಟ್ಟೆಯನ್ನು ಸ್ಟೇಷನ್ ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಳ್ಳುತ್ತಿದ್ದೀರಿ. ತಿಂಗಳಿಗೊಮ್ಮೆ ಸಿಎಸ್‌ಎಂಟಿ ಸ್ಟೇಷನ್ನಿಗೆ ಬಂದು ಮಂಗಲ್‌ದಾಸ್ ಮಾರ್ಕೆಟಿಗೆ ಹೋಗಿ. ಭಾನುವಾರ ಮುಚ್ಚಿರುತ್ತದೆ. ಹನ್ನೊಂದರ ಮೇಲೆ ಹೊರಟರೆ ಲೇಡೀಸ್ ಡಬ್ಬಿಯಲ್ಲಿ ಗಂಟಿಗೂ ಜಾಗ ಸಿಗುತ್ತದೆ. ತಂದ ಕಾಟನ್ನನ್ನು ಮೊದಲು ಒಗೆದು ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಗಿರಾಕಿಯ ಮನೆಯಲ್ಲಿ ಕುಗ್ಗುತ್ತದೆ. ಈ ಒಗೆಯುವ ಕೆಲಸ ಮೇ ತಿಂಗಳಲ್ಲೇ ಮುಗಿಯಲಿ. ಜುಲೈನಲ್ಲಿ ನಮ್ಮಲ್ಲಿ ಕರವಸ್ತ್ರ ಒಣಗಲು ಎರಡು ದಿನ ಬೇಕು. ಅರೆ ಒಣಗಿದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಬಿಚ್ಚಿದಾಗ ಬೂಷ್ಟಿನ ವಾಸನೆ ಕೂಸಿನ ಮೂಗಿಗೆ ಹೊಡೆಯುತ್ತದೆ.

ಕೊನೆಗೆ ಅತ್ತೆಯವರ ವಿಷಯ. ಈ ತಿಂಗಳಿನಿಂದ ಒಂದು ನೋಟ್‌ಬುಕ್ ಇಡಿ, ಎರಡು ಕಾಲಂ. ಒಂದು ನಿಮ್ಮದು, ಒಂದು ಅವರದು. ತಿಂಗಳ ಕೊನೆಗೆ ಅವರ ಕೂಲಿ ಅವರ ಕೈಗೆ ಕೊಡಿ. "ನನಗ್ಯಾಕವ್ವ ರೊಕ್ಕ" ಅಂದೇ ಅನ್ನುತ್ತಾರೆ. ಆದರೂ ಕೊಡಿ. ಅದರಲ್ಲಿ ಮೊಮ್ಮಕ್ಕಳಿಗೆ ಜಿಲೇಬಿ ತರಲಿ, ಮೊಣಕಾಲಿಗೆ ಎಣ್ಣೆ ತರಲಿ, ಅದು ಅವರಿಷ್ಟ. ಗಂಡನ ಹತ್ತಿರ ವಾದ ಮಾಡಬೇಡಿ. ತಾಯಿಯ ಹೆಸರಿನ ಕಾಲಂ ಅವರ ಕಣ್ಣಿಗೆ ಬೀಳಲಿ. ಕರೆಂಟ್ ಬಿಲ್ಲು ಜಾಸ್ತಿ ಅಂತ ಅವರು ಗೊಣಗುತ್ತಾರೆ ಅಂದಿರಲ್ಲ, ಆ ಮಾತು ಆಮೇಲೆ ಹೇಗೆ ತಿರುಗುತ್ತದೆ ಎಂದು ನನಗೆ ಬರೆದು ತಿಳಿಸಿ, ನನಗೂ ಕುತೂಹಲ ಇದೆ.

ಪತ್ರದ ಜೊತೆ ಕಳಿಸಿದ ಕುಲಾವಿ ನನ್ನ ಮೇಜಿನ ಮೇಲಿದೆ. ಹೊಲಿಗೆ ಎಲ್ಲೂ ಎದ್ದಿಲ್ಲ. ಕಟ್ಟುವ ದಾರ ಮಾತ್ರ ಒಂದು ಗೇಣು ಉದ್ದ ಇತ್ತು, ಕುತ್ತಿಗೆಗೆ ಸುತ್ತಿಕೊಳ್ಳಬಾರದೆಂದು ನಾನೇ ಅರ್ಧ ಕತ್ತರಿಸಿದೆ. ಅದರ 120 ರೂಪಾಯಿ ಮನಿಯಾರ್ಡರ್ ಮಾಡಿಸಿದ್ದೇನೆ, ವಾಪಸ್ ಕಳಿಸಬೇಡಿ. ತಾಯಿಯ ಎರಡು ಸೀರೆ ನನ್ನ ಹತ್ತಿರ ಇವೆ, ಡಿಸೆಂಬರಿನಲ್ಲಿ ತಮ್ಮನ ಮಗಳ ಹೆರಿಗೆ. ಅತ್ತೆಯವರಿಗೆ ಬಿಡುವಿದೆಯೇ ಎಂದು ಕೇಳಿ ಹೇಳಿ.

— ಸಂಪಾದಕಿ