ಸಿವಿಲ್ ಡಿಪ್ಲೊಮಾ ಮುಗಿದಿದೆ, ದೊಡ್ಡ ಕನ್‌ಸ್ಟ್ರಕ್ಷನ್ ಕಂಪನಿಗೆ ಸೇರಬಹುದಾ?

ಬಾಗಲಕೋಟೆಯಲ್ಲೇ ಗುತ್ತಿಗೆದಾರರ ಹತ್ತಿರ ಇರಲೋ, ದೊಡ್ಡ ಕಂಪನಿಗೆ ಹೋಗಲೋ ಅಂತ ಕೇಳಿದ್ದೀರಿ. ನನ್ನ ಕೇಳಿದರೆ, ಮೊದಲ ಎರಡು-ಮೂರು ವರ್ಷ ಕಂಪನಿಯೇ ಸರಿ. ಸಂಬಳ ಸಾಮಾನ್ಯವಾಗಿ ತಿಂಗಳು ತಿಂಗಳು ಬರುತ್ತದೆ. ಸಣ್ಣ ಗುತ್ತಿಗೆದಾರರ ಹತ್ತಿರ ಸರ್ಕಾರಿ ಬಿಲ್ ಪಾಸಾಗುವವರೆಗೆ ಕಾಯಬೇಕಾಗಬಹುದು, ನಮ್ಮ ಕಡೆ ಇದು ಗೊತ್ತಿದ್ದದ್ದೇ ಅಲ್ವಾ. ಪಿಎಫ್‌ಗೆ ಮೂಲ ವೇತನದಲ್ಲಿ ನಿಮ್ಮಿಂದ ಶೇ 12, ಕಂಪನಿಯಿಂದಲೂ ಅಷ್ಟೇ. ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡುವ 7 ಮತ್ತು 28ನೇ ದಿನದ ಕ್ಯೂಬ್ ಟೆಸ್ಟ್‌ನಂಥವನ್ನು ಕ್ರಮವಾಗಿ ಮಾಡಿ ಕಲಿಯುತ್ತೀರಿ.

ಕಂಪನಿಯಲ್ಲಿ ತೊಂದರೆ ಅಂದರೆ, ಕೆಲಸ ಹಂಚಿಹೋಗಿರುತ್ತದೆ. ಸ್ಟೀಲ್ ಕಟ್ಟಿಸುವ ಕಡೆ ಹಾಕಿದರೆ ವರ್ಷವೆಲ್ಲ ಸ್ಟೀಲೇ. ಊರಲ್ಲಾದರೆ ಮಾರ್ಕಿಂಗ್‌ನಿಂದ ಬಿಲ್‌ವರೆಗೆ ಎಲ್ಲವೂ ನಿಮ್ಮ ತಲೆ ಮೇಲೆ, ಕಲಿಕೆಯೂ ಜಾಸ್ತಿ. ಇನ್ನು ಕಂಪನಿಯವರು ಪ್ರಾಜೆಕ್ಟ್ ಮುಗಿದ ಮೇಲೆ ಯಾವ ರಾಜ್ಯಕ್ಕೆ ಹಾಕುತ್ತಾರೋ ಹೇಳೋಕಾಗಲ್ಲ. ಹೊಲ, ಮನೆ ನೋಡುವವರು ನೀವೊಬ್ಬರೇ ಆಗಿದ್ದರೆ ಇದು ಕಷ್ಟ. ಆಫರ್ ಲೆಟರ್ ಕಂಪನಿಯದ್ದೋ, ಕಂಪನಿಗೆ ಜನ ಒದಗಿಸುವ ಮ್ಯಾನ್‌ಪವರ್ ಏಜೆನ್ಸಿಯದ್ದೋ ಅಂತ ಸೇರುವ ಮೊದಲೇ ನೋಡಿಕೊಳ್ಳಿ.