ಪ್ರತಿ ಕಟ್‌ಗೂ ಫೇಡ್ ಹಾಕಬೇಕಾ? ಬೇಡ. ನಮ್ಮ ಮನೆಯಲ್ಲಿ ಏನಾಯ್ತು ಕೇಳಿ

ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೀರಿ. ದನಿ ಒಂದು ಕಡೆ ಜೋರು, ಇನ್ನೊಂದು ಕಡೆ ಮೆಲ್ಲಗಿದೆ. ನಾರ್ಮಲೈಸ್ ಹೊಡೆದು ಪ್ರತಿ ಕಟ್‌ಗೂ ಮೂರು ಸೆಕೆಂಡ್ ಫೇಡ್ (ದನಿಯನ್ನು ನಿಧಾನವಾಗಿ ಇಳಿಸಿ ಮುಗಿಸುವುದು) ಹಾಕಿದರೆ ಪ್ರೊಫೆಷನಲ್ ಆಗುತ್ತಾ, ಪುಕ್ಕಟೆ ಸಿಗುವ ಆಡಿಯೋ ಎಡಿಟರ್ ಆಡಾಸಿಟಿ ಸಾಕಾ, ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತಗೊಳ್ಳಬೇಕಾ ಅಂತ ಕೇಳಿದ್ದೀರಿ. ನನ್ನ ಪ್ಲಾನೂ ಇದೇ ಆಗಿತ್ತು. ನಾನು ನಾಲ್ಕು ಸೆಕೆಂಡ್ ಹಾಕಿದ್ದೆ, ಅಷ್ಟೇ ವ್ಯತ್ಯಾಸ.

ನಮ್ಮದು ಸೋಮವಾರಪೇಟೆ ಕಡೆ. ದೊಡ್ಡಪ್ಪನಿಗೆ ಎಂಬತ್ತು ತುಂಬುವುದರೊಳಗೆ ಅವರ ಮಾತು ಹಿಡಿದಿಡಬೇಕು, ಮನೆಯವರೆಲ್ಲ ಸೇರಿದ ದಿನ ಸ್ಪೀಕರ್ ಇಟ್ಟು ಕೇಳಿಸಬೇಕು ಅಂತ ನನಗೆ ಆಸೆ. ಮಳೆಗಾಲದಲ್ಲಿ ದೊಡ್ಡಪ್ಪ ಮನೆ ಬಿಟ್ಟು ಎಲ್ಲೂ ಹೊರಡುವುದಿಲ್ಲ. ಅದೇ ಸಮಯ ನೋಡಿ ಕೂರಿಸಿದೆ. ಮೇಜಿನ ಮೇಲೆ ಮೊಬೈಲ್, ಪಕ್ಕದಲ್ಲಿ ಕಾಫಿ ಲೋಟ, ಮೇಲೆ ಶೀಟಿನ ಮಾಡು. ಹೊರಗೆ ಮಳೆ ಹೊಡೆಯುತ್ತಲೇ ಇತ್ತು.

ದೊಡ್ಡಪ್ಪ ಮಾತಿಗೆ ಕೂತರೆ ಮುಗಿಯುವುದಿಲ್ಲ. ಬೇರೆ ರಾಜ್ಯವಾಗಿದ್ದ ಕೊಡಗು 1956ರಲ್ಲಿ ಮೈಸೂರಿಗೆ ಸೇರಿದಾಗ ಅವರಿನ್ನೂ ಶಾಲೆಗೆ ಹೋಗುವ ಹುಡುಗ. ಆಗ ಊರಿನ ದೊಡ್ಡವರು ಜಗುಲಿಯಲ್ಲಿ ಕೂತು ವಾದ ಮಾಡಿದ್ದು, ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಟ್ಟು ದುಡ್ಡಿಗೆ ಕಾಯುತ್ತಿದ್ದದ್ದು, ಎಲ್ಲವನ್ನೂ ಹೇಳಿದರು. ಕೊನೆಗೆ ಮಾತು ಜಾಗದ ವಿಷಯಕ್ಕೆ ಬಂತು. ಕೊಡಗಿನಲ್ಲಿ ಮಾತು ಎಲ್ಲಿ ಶುರುವಾದರೂ ಕೊನೆಗೆ ಅಲ್ಲಿಗೇ ಬರುತ್ತದೆ, ಬಿಡಿ.

ನಮ್ಮ ಗದ್ದೆಗೆ ಹೊಂದಿಕೊಂಡು ಒಂದು ಬಾಣೆ ಇದೆ. ಹಿಂದೆ ಸೌದೆಗೆ, ಸೊಪ್ಪಿಗೆ, ದನ ಮೇಯಿಸುವುದಕ್ಕೆ ಇದ್ದ ಜಾಗ. ಈಗ ಅರ್ಧ ಕಾಫಿ, ಅರ್ಧ ಕಾಡು. ನಮ್ಮಜ್ಜ ಅದನ್ನು ತನ್ನ ತಮ್ಮನಿಗೆ ಕೊಟ್ಟಿದ್ದರು ಅಂತ ಚಿಕ್ಕಜ್ಜನ ಮನೆಯವರ ಮಾತು. ಕೊಟ್ಟಿಲ್ಲ ಅಂತ ನಮ್ಮವರದು. ಜಗಳ ಅನ್ನುವಷ್ಟೇನೂ ಇರಲಿಲ್ಲ. ಮದುವೆ ಮುಂಜಿಗೆ ಬಂದು ಹೋಗಿ ಮಾಡುತ್ತಿದ್ದೆವು. ರೆಕಾರ್ಡಿಂಗಿನಲ್ಲಿ ದೊಡ್ಡಪ್ಪ ಈ ವಿಷಯ ಹೇಳಿ ಮುಗಿಸಿದ್ದು ಹೀಗೆ: "ಆ ಬಾಣೆಯನ್ನ ನಮ್ಮಪ್ಪ ತಮ್ಮನಿಗೆ ಬರೆದು ಕೊಟ್ಟದ್ದೇ ಇಲ್ಲ."

ಕಾರ್ಯಕ್ರಮದ ದಿನ ಚಪ್ಪರದ ಕೆಳಗೆ ಸ್ಪೀಕರಿನಲ್ಲಿ ಎಲ್ಲರೂ ಕೇಳಿದ್ದು ಹೀಗೆ: "ಆ ಬಾಣೆಯನ್ನ ನಮ್ಮಪ್ಪ ತಮ್ಮನಿಗೆ ಬರೆದು ಕೊಟ್ಟದ್ದೇ." ಆಮೇಲೆ ವಾದ್ಯ.

ಕೊನೆಯ "ಇಲ್ಲ" ನನ್ನ ಫೇಡ್ ಒಳಗೆ ಹೋಗಿತ್ತು.

ಇದು ಹೇಗಾಯಿತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನೀವು ಹಾಕಿರುವ ಪ್ಲಾನಿನಲ್ಲೂ ಇದೇ ಆಗುವುದು. ಮಾತಾಡುವಾಗ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿದು ದನಿ ಇಳಿಯುತ್ತದೆ. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. ನಮ್ಮ ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಹೌದೋ ಅಲ್ಲವೋ, ಮಾಡಿದರೋ ಬಿಟ್ಟರೋ, ಎಲ್ಲ ಇರುವುದು ಆ ಕೊನೆಯ ತುಣುಕಿನಲ್ಲೇ. ಅಂದರೆ ದನಿ ಎಲ್ಲಿ ಸಣ್ಣದಾಗುತ್ತದೋ ಅಲ್ಲೇ ಅರ್ಥ ಕೂತಿರುತ್ತದೆ. ಫೇಡ್ ಔಟ್ ಕೈ ಹಾಕುವುದೂ ಸರಿಯಾಗಿ ಅಲ್ಲಿಗೇ.

ಲೆಕ್ಕ ನೋಡಿ. ದೊಡ್ಡಪ್ಪನ "ಇಲ್ಲ" ಉಳಿದ ಮಾತಿಗಿಂತ ಸುಮಾರು 20 ಡೆಸಿಬೆಲ್ ಕೆಳಗಿತ್ತು. ಹಾಗಿದ್ದರೆ ಪರದೆಯಲ್ಲಿ ಕಾಣುವ ದನಿಯ ಅಲೆಯ ಎತ್ತರ ಹತ್ತರಲ್ಲಿ ಒಂದು ಪಾಲು. ಆಡಾಸಿಟಿಯ ಮಾಮೂಲಿ ಫೇಡ್ ಔಟ್ ನೇರ ಗೆರೆಯಲ್ಲಿ ಇಳಿಯುತ್ತದೆ. ನಾಲ್ಕು ಸೆಕೆಂಡಿನ ಫೇಡಿನಲ್ಲಿ ಎರಡನೇ ಸೆಕೆಂಡಿಗೆ ಎತ್ತರ ಅರ್ಧ, ಅಂದರೆ 6 ಡೆಸಿಬೆಲ್ ಕಡಿಮೆ. ಮೂರನೇ ಸೆಕೆಂಡಿಗೆ ಕಾಲು ಭಾಗ, 12 ಕಡಿಮೆ. 3.6ನೇ ಸೆಕೆಂಡಿಗೆ ಬಂದರೆ 20 ಕಡಿಮೆ. "ಇಲ್ಲ" ಇದ್ದದ್ದು ಸರಿಸುಮಾರು ಅಲ್ಲೇ. ಮೊದಲೇ ಹತ್ತರಲ್ಲಿ ಒಂದು, ಫೇಡ್ ಬಿದ್ದ ಮೇಲೆ ನೂರರಲ್ಲಿ ಒಂದು. ಅದರ ಮೇಲೆ ನಮ್ಮೂರ ಸುಗ್ಗಿಯಲ್ಲಿ ಹಿಡಿದಿದ್ದ ವಾದ್ಯವನ್ನು ಅದೇ ಜಾಗದಿಂದ ಫೇಡ್ ಇನ್ ಮಾಡಿದ್ದೆ. ಒಂದು ಇಳಿಯುವಾಗ ಇನ್ನೊಂದು ಏರಿದರೆ ಸಿನಿಮಾ ಥರ ಇರುತ್ತದೆ ಅಂತ ನನ್ನ ಲೆಕ್ಕ.

ಹಾಗಾದರೆ ಎಡಿಟ್ ಮಾಡುವಾಗ ಕಾಣಲಿಲ್ಲವಾ ಅಂತ ಕೇಳಬಹುದು. ಕಾಣಲಿಲ್ಲ. ನಾನು ಫೇಡ್ ಎಲ್ಲಿಂದ ಎಲ್ಲಿಗೆ ಅಂತ ಗುರುತು ಹಾಕಿದ್ದು ಕಿವಿಯಿಂದ ಅಲ್ಲ, ಕಣ್ಣಿನಿಂದ. ಪರದೆಯ ಮೇಲೆ ಆ "ಇಲ್ಲ" ಒಂದು ಸಪಾಟು ಗೆರೆ, ಸುಮ್ನೆ ಉಸಿರಿನ ಹಾಗೆ. ಆಡಾಸಿಟಿಯಲ್ಲಿ ಟ್ರ್ಯಾಕಿನ ಪಕ್ಕದ ಅಳತೆಪಟ್ಟಿಯನ್ನು ಡೆಸಿಬೆಲ್‌ಗೆ ಬದಲಾಯಿಸಬಹುದು, ಆಗ ಸಣ್ಣ ದನಿಯೂ ದೊಡ್ಡದಾಗಿ ಕಾಣುತ್ತದೆ. ಆ ಕಾಲಕ್ಕೆ ನನಗದು ಗೊತ್ತಿರಲಿಲ್ಲ.

ಕೇಳಿಯೂ ನೋಡಿದ್ದೆ, ಎಷ್ಟೋ ಸಲ. ದೊಡ್ಡಪ್ಪ ಏನು ಹೇಳಿದ್ದಾರೆ ಅಂತ ಮೊದಲೇ ಗೊತ್ತಿದ್ದರಿಂದ ಇಲ್ಲದ "ಇಲ್ಲ" ನನಗೆ ಕೇಳಿಸುತ್ತಲೇ ಇತ್ತು. ಇಯರ್‌ಫೋನ್ ಹಾಕಿಕೊಂಡು ಕೂತಿದ್ದು ಬೇರೆ. ಕಿವಿಗೆ ಒತ್ತಿಕೊಂಡ ಇಯರ್‌ಫೋನಿನಲ್ಲಿ ಕೇಳುವ ಸಣ್ಣ ದನಿ ಚಪ್ಪರದಲ್ಲಿ, ಮಕ್ಕಳ ಗಲಾಟೆಯ ನಡುವೆ, ಬಾಡಿಗೆ ಸ್ಪೀಕರಿನಲ್ಲಿ ಎಲ್ಲಿ ಕೇಳಬೇಕು?

ಚಿಕ್ಕಜ್ಜನ ಮನೆಯವರ ಮುಖ ಅರಳಿತು. ಅವರಲ್ಲಿ ಒಬ್ಬರು ಎದ್ದು ಬಂದು ದೊಡ್ಡಪ್ಪನ ಕಾಲು ಮುಟ್ಟಿದರು. ದೊಡ್ಡಪ್ಪನಿಗೆ ಕಿವಿ ಮಂದ, ಏನಾಯಿತು ಅಂತ ಗೊತ್ತಾಗಲಿಲ್ಲ, ತಲೆ ಸವರಿ ಆಶೀರ್ವಾದ ಮಾಡಿಬಿಟ್ಟರು! ಸಂಜೆಯೊಳಗೆ ಆ ತುಣುಕು ಎಲ್ಲರ ವಾಟ್ಸಾಪಿನಲ್ಲಿ. ಮೂಲ ರೆಕಾರ್ಡಿಂಗ್ ನನ್ನ ಹತ್ತಿರ ಇತ್ತು. ಮಾರನೇ ದಿನವೇ ತಗೊಂಡು ಹೋಗಿ ಕೇಳಿಸಿದೆ. "ಈಗ ಸೇರಿಸಿದ್ದೀಯ. ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದು, ನಮಗೆ ಗೊತ್ತಿಲ್ಲವಾ?" ಅಂದರು. ಅದಕ್ಕೆ ಏನು ಉತ್ತರ ಕೊಡುವುದು? ಆ ಮನೆಯವರು ಈಗ ನಮ್ಮಲ್ಲಿಗೆ ಬರುವುದಿಲ್ಲ. ದೊಡ್ಡಪ್ಪ ನನಗೆ ಬೈಯಲಿಲ್ಲ. "ನಾನು ಹೇಳದ್ದನ್ನ ನನ್ನ ಬಾಯಿಂದಲೇ ಹೇಳಿಸಿದೆಯಲ್ಲೋ ಮಾರಾಯ" ಅಂದರು, ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಮಾತಿಗೆ ಫೇಡ್ ಔಟ್ ಬೇಡ. ಫೇಡ್ ಇರುವುದು ಸಂಗೀತಕ್ಕೆ. ಮಾತಿನ ಕಟ್‌ನಲ್ಲಿ ಟಿಕ್ ಅಂತ ಸದ್ದು ಬರುತ್ತದೆ, ನಿಜ. ಅಲೆ ಸೊನ್ನೆಯಲ್ಲಿ ಇಲ್ಲದಿರುವಾಗ ಕತ್ತರಿಸಿದರೆ ದನಿ ಒಮ್ಮೆಗೇ ಜಿಗಿಯುತ್ತದೆ, ಅದಕ್ಕೆ ಆ ಟಿಕ್. ಅದನ್ನು ಕೊಲ್ಲಲು 10 ಮಿಲಿಸೆಕೆಂಡಿನ ಫೇಡ್ ಸಾಕು, ಹೆಚ್ಚೆಂದರೆ 20. ಮೂರು ಸೆಕೆಂಡ್ ಅಂದರೆ 3,000 ಮಿಲಿಸೆಕೆಂಡ್! ಅಷ್ಟರಲ್ಲಿ ನಿಮ್ಮ ಅಜ್ಜಿ ಒಂದು ಪೂರ್ತಿ ವಾಕ್ಯ ಹೇಳಿ ಮುಗಿಸುತ್ತಾರೆ. ಸಂಗೀತ ತರಲೇಬೇಕು ಅಂದರೆ ಮಾತು ಪೂರ್ತಿ ಮುಗಿಯಲಿ, ಒಂದು ಉಸಿರು ಬಿಡಿ, ಆಮೇಲೆ ತನ್ನಿ.

ಎರಡು ಕಟ್‌ಗಳ ನಡುವೆ ಪೂರ್ತಿ ಮೌನವೂ ಬೇಡ. ನನ್ನ ಫೈಲಿನಲ್ಲಿ ಇದೂ ಆಗಿತ್ತು. ಪ್ರತಿ ಫೇಡಿಗೂ ದೊಡ್ಡಪ್ಪನ ಜೊತೆ ಮಳೆಯೂ ನಿಲ್ಲುತ್ತಿತ್ತು, ಮುಂದಿನ ಮಾತಿಗೆ ಮತ್ತೆ ಶುರುವಾಗುತ್ತಿತ್ತು. ನಮ್ಮ ಕಡೆ ಮಳೆ ಇಲ್ಲದಿದ್ದರೆ ಜೀರುಂಡೆ, ಅದೂ ಇಲ್ಲದಿದ್ದರೆ ತೋಟದ ಮೋಟರು. ಸದ್ದೇ ಇಲ್ಲದ ಕೋಣೆ ಅಂತ ಇಲ್ಲ. ಅದಕ್ಕೇ ಯಾರೂ ಮಾತಾಡದೆ ಅರ್ಧ ನಿಮಿಷ ಅದೇ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಇನ್ನೊಂದು ಟ್ರ್ಯಾಕಿನಲ್ಲಿ ಅದನ್ನು ಕಟ್‌ಗಳ ಕೆಳಗೆ ಹಾಸಿದರೆ ಜೋಡಣೆ ಗೊತ್ತೇ ಆಗುವುದಿಲ್ಲ. ಅಜ್ಜಿಯ ರೆಕಾರ್ಡಿಂಗ್ ಆಗಲೇ ಮುಗಿದಿದ್ದರೆ ಅವರು ಯೋಚನೆ ಮಾಡುತ್ತಾ ಸುಮ್ಮನಿದ್ದ ಜಾಗಗಳಿಂದ ಕತ್ತರಿಸಿಕೊಳ್ಳಿ.

ಇನ್ನು ನಾರ್ಮಲೈಸ್. ಅದು ಜೋರು-ಮೆಲ್ಲಗೆಯನ್ನು ಸಮ ಮಾಡುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಮಾಡುವುದಿಲ್ಲ. ಇಡೀ ಫೈಲಿನಲ್ಲಿ ಅತಿ ಎತ್ತರದ ಒಂದು ತುದಿ ಎಲ್ಲಿದೆ ಅಂತ ನೋಡಿ, ಅದು ನೀವು ಹೇಳಿದ ಮಟ್ಟ ಮುಟ್ಟುವಷ್ಟು ಎಲ್ಲವನ್ನೂ ಒಟ್ಟಿಗೇ ಎತ್ತುತ್ತದೆ. ಗುಂಡಿ ಬಿದ್ದ ರಸ್ತೆಯನ್ನು ಹಾಗೇ ಎರಡಡಿ ಮೇಲಕ್ಕೆತ್ತಿದಂತೆ. ಗುಂಡಿ ಗುಂಡಿಯಾಗೇ ಇರುತ್ತದೆ. ನನ್ನ ಫೈಲಿನಲ್ಲಿ ಅತಿ ಎತ್ತರದ ತುದಿ ದೊಡ್ಡಪ್ಪನ ಮಾತಾಗಿರಲಿಲ್ಲ. ಅವರು ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ಸದ್ದು. ಆ ಒಂದು ಲೋಟ ಆಗಲೇ ಸೊನ್ನೆ ಡೆಸಿಬೆಲ್ ಹತ್ತಿರ ಇದ್ದದ್ದರಿಂದ ನಾರ್ಮಲೈಸ್ ಎಷ್ಟು ಒತ್ತಿದರೂ ಮಾತು ಅಲ್ಲಾಡಲಿಲ್ಲ. ಡಿಜಿಟಲ್‌ನಲ್ಲಿ ಸೊನ್ನೆಯೇ ಮೇಲಿನ ಮಿತಿ. ಅದನ್ನು ದಾಟಿಸಿ ಮಾಮೂಲಿ 16 ಬಿಟ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದರೆ ಅಲೆಯ ತಲೆ ಕತ್ತರಿಸಿ ದನಿ ಒಡೆಯುತ್ತದೆ.

ಕಂಪ್ರೆಸರ್ ಹಾಕಿ ಅಂತ ಇಲ್ಲೇ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಂಪ್ರೆಸರ್ ದೊಡ್ಡ ದನಿಯನ್ನು ಅದುಮುತ್ತದೆ, ಆಮೇಲೆ ಒಟ್ಟು ಮಟ್ಟ ಏರಿಸುತ್ತೀರಿ, ಆಗ ಮಾತಿನ ನಡುವಿನ ಮಳೆಯೂ ಏರುತ್ತದೆ. ಸ್ಟುಡಿಯೋದಲ್ಲಿ ಹಿಡಿದ ದನಿಗೆ ಸರಿ. ಶೀಟಿನ ಮಾಡಿನ ಕೆಳಗೆ ಹಿಡಿದದ್ದಕ್ಕೆ ಬೇಡ.

ನೀವು ಕಲಿಯಬೇಕಾದದ್ದು ಎನ್ವಲಪ್ ಟೂಲ್. ದನಿಯ ಉದ್ದಕ್ಕೂ ಅಲ್ಲಲ್ಲಿ ಕ್ಲಿಕ್ ಮಾಡಿದರೆ ಚುಕ್ಕಿಗಳು ಬೀಳುತ್ತವೆ. ಚುಕ್ಕಿಯನ್ನು ಮೇಲೆ ಕೆಳಗೆ ಎಳೆದರೆ ಆ ಜಾಗದ ವಾಲ್ಯೂಮ್ ಮಾತ್ರ ಬದಲಾಗುತ್ತದೆ. ಲೋಟದ ಸದ್ದನ್ನು ಕೆಳಗಿಳಿಸಿ, ವಾಕ್ಯದ ಕೊನೆಗಳನ್ನು ಮೇಲೆತ್ತಿ. ಹೌದು, ಎತ್ತಿ! ನೀವು ಇಳಿಸಬೇಕು ಅಂತ ಹೊರಟ ಜಾಗವನ್ನೇ 5-6 ಡೆಸಿಬೆಲ್ ಏರಿಸಿ. 6 ಅಂದರೆ ಅಲೆಯ ಎತ್ತರ ದುಪ್ಪಟ್ಟು, ಆದರೆ ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಬೇಕು. ಹಾಗಾಗಿ ಹೆದರಬೇಡಿ. ಇನ್ನೊಂದು ಲಾಭ: ಆಡಾಸಿಟಿಯಲ್ಲಿ ಫೇಡ್ ಔಟ್ ಕೊಟ್ಟರೆ ಅದು ದನಿಯ ಮೇಲೇ ಬರೆದುಬಿಡುತ್ತದೆ, ಪ್ರಾಜೆಕ್ಟ್ ಮುಚ್ಚಿದ ಮೇಲೆ ಅನ್‌ಡೂ ಇಲ್ಲ. ಎನ್ವಲಪ್ ಚುಕ್ಕಿಗಳನ್ನು ಪ್ರಾಜೆಕ್ಟ್ ಸೇವ್ ಮಾಡಿದ ಎಷ್ಟು ದಿನದ ಮೇಲೂ ತೆರೆದು ಸರಿಸಬಹುದು. ಕೆಲಸ ನಿಧಾನ, ಬೇಜಾರೂ ಬರುತ್ತದೆ. ಆದರೆ ಪ್ರತಿ ವಾಕ್ಯವನ್ನೂ ಕೊನೆಯವರೆಗೆ ಕೇಳಲೇಬೇಕಾಗುತ್ತದೆ. ನಾನು ತಪ್ಪಿಸಿಕೊಂಡದ್ದು ಅದನ್ನೇ.

ಇದೆಲ್ಲ ಆದ ಮೇಲೆ ಕೊನೆಗೆ ಒಂದೇ ಒಂದು ಸಲ ಲೌಡ್‌ನೆಸ್ ನಾರ್ಮಲೈಸೇಶನ್ ಕೊಡಿ. ಇದು ಬರೀ ತುದಿ ನೋಡುವುದಿಲ್ಲ, ಒಟ್ಟಾರೆ ಕಿವಿಗೆ ಎಷ್ಟು ಜೋರು ಅಂತ ಅಳೆಯುತ್ತದೆ. ಆಡಾಸಿಟಿ ಮೊದಲಿಗೆ ತೋರಿಸುವ ಮೈನಸ್ 23 ಎಲ್‌ಯುಎಫ್‌ಎಸ್ (ಈ ಜೋರನ್ನು ಅಳೆಯುವ ಮಾನ) ಯುರೋಪಿನ ಪ್ರಸಾರದ ಅಳತೆ, ಮೊಬೈಲಿನಲ್ಲಿ ಕೇಳುವವರಿಗೆ ತೀರಾ ಮೆಲ್ಲಗಾಗುತ್ತದೆ. ಮಾತಿಗೆ ಮೈನಸ್ 16 ಇಡಿ. ತುದಿ ಮೈನಸ್ 1 ಡೆಸಿಬೆಲ್ ದಾಟದಿರಲಿ, ಎಂಪಿತ್ರೀ ಮಾಡುವಾಗ ತುದಿಗಳು ಸ್ವಲ್ಪ ಏರುತ್ತವೆ.

ಸಾಫ್ಟ್‌ವೇರ್ ಯಾವುದು ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಜಾಸ್ತಿ ಮಾತಿಲ್ಲ. ಆಡಾಸಿಟಿ 2000ದಿಂದ ಇದೆ, ಪುಕ್ಕಟೆ, ನಿಮ್ಮ ಕೆಲಸಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ. ದುಡ್ಡಿನ ಸಾಫ್ಟ್‌ವೇರ್ ತಗೊಂಡಿದ್ದರೂ ನಾನು ಆ "ಇಲ್ಲ"ವನ್ನು ನುಂಗಿಸುತ್ತಲೇ ಇದ್ದೆ. ಆ ದುಡ್ಡಲ್ಲಿ ಕಾಲರಿಗೆ ಸಿಕ್ಕಿಸುವ ಒಂದು ಸಣ್ಣ ಮೈಕ್ ತಗೊಂಡು ಅಜ್ಜಿಯ ಹತ್ತಿರ ಇನ್ನೊಮ್ಮೆ ಹೋಗಿ. ಲೋಟ ದೂರ ಇಡಿ.

ಎಡಿಟ್ ಶುರು ಮಾಡುವ ಮೊದಲು ಮೂಲ ಫೈಲನ್ನು ಮನೆಯ ಇನ್ನೂ ಒಂದಿಬ್ಬರಿಗೆ ಕಳಿಸಿಬಿಡಿ, ಅವರ ಫೋನಿನಲ್ಲಿ ತಾರೀಖಿನ ಸಮೇತ ಇರಲಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಮುಗಿಸಿದ ಮೇಲೆ, ಅಜ್ಜಿಯ ಮಾತನ್ನು ಒಮ್ಮೆಯೂ ಕೇಳಿರದ ಒಬ್ಬರನ್ನು ಕೂರಿಸಿ ಮಾಮೂಲಿ ಸ್ಪೀಕರಿನಲ್ಲಿ ಕೇಳಿಸಿ. ಪ್ರತಿ ವಾಕ್ಯ ಆದಮೇಲೆ ನಿಲ್ಲಿಸಿ, ಅಜ್ಜಿ ಏನಂದರು ಅಂತ ಕೇಳಿ. ಜಾಗದ ವಿಷಯ ಬಂದಿದ್ದರೆ ಎರಡು ಸಲ ಕೇಳಿ.