ಮಂಡಿಯಲ್ಲಿ ಲೆಕ್ಕ ಬರೆದವರು ಕವರ್ ಲೆಟರ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ: ಮೇಡಂ, ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ನಮ್ಮೂರಿನ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಈಗ ಬೆಂಗಳೂರಿನ ಪೀಣ್ಯದ ಕಡೆ ಸಣ್ಣ ಕಾರ್ಖಾನೆಗಳಿಗೆ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಚಾಟ್‌ಜಿಪಿಟಿಯಲ್ಲಿ ಕವರ್ ಲೆಟರ್ ಬರೆಸಿ ಇಪ್ಪತ್ತು ಕಡೆ ಕಳಿಸಿದೆ. ಒಂದು ಫೋನೂ ಬರಲಿಲ್ಲ. ನನ್ನದು ಬರೀ ಮಂಡಿ ಅನುಭವ. ಅದನ್ನು ಹೇಳದಿರುವುದೇ ಒಳ್ಳೆಯದಾ? ನನ್ನ ಪತ್ರವನ್ನೂ ಕಳಿಸಿದ್ದೇನೆ.
— ಓದುಗಿ, ಸಾಗರ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಷ್ಟಪಟ್ಟು ದುಡಿಯುತ್ತೇನೆ, ಬೇಗ ಕಲಿಯುತ್ತೇನೆ, ನಿಮ್ಮ ಪ್ರತಿಷ್ಠಿತ ಸಂಸ್ಥೆಯ ಏಳಿಗೆಗೆ ಶ್ರಮಿಸುತ್ತೇನೆ ಅಂತೆಲ್ಲ ಇದೆ. ಮಂಡಿ ಅನ್ನುವ ಪದ ಮಾತ್ರ ಎಲ್ಲೂ ಇಲ್ಲ. ಹೇಳಬೇಕಾದ ಒಂದೇ ವಿಷಯವನ್ನು ಬಚ್ಚಿಟ್ಟಿದ್ದೀರಿ.

ಪತ್ರ ಓದುವವರು ಯಾರು ಅಂತ ಸ್ವಲ್ಪ ಯೋಚನೆ ಮಾಡಿ. ಸಣ್ಣ ಕಾರ್ಖಾನೆಯಲ್ಲಿ ಎಚ್ಆರ್ ಅಂತ ಬೇರೆ ವಿಭಾಗ ಇರುವುದು ಕಡಿಮೆ. ಅಕೌಂಟ್ಸ್ ನೋಡಿಕೊಳ್ಳುವವರೋ ಮಾಲೀಕರೋ ಬಿಲ್ಲುಗಳ ಮಧ್ಯೆ ಕೂತು ಮೊಬೈಲ್‌ನಲ್ಲೇ ನಿಮ್ಮ ಮೇಲ್ ತೆರೆಯುತ್ತಾರೆ. ಈ ಹುಡುಗಿ ಬಂದರೆ ನನ್ನ ತಲೆನೋವು ಯಾವುದಾದರೂ ಕಡಿಮೆ ಆಗುತ್ತಾ? ಅವರಿಗೆ ಬೇಕಾಗಿರುವುದು ಇಷ್ಟೇ. ಶ್ರಮಜೀವಿ ಅಂತ ಎಲ್ಲರೂ ಬರೆದಿರುತ್ತಾರೆ, ಅದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ.

ನಮಗೆ ಶಾಲೆಯಲ್ಲಿ ಕಲಿಸಿದ್ದು ರಜಾ ಅರ್ಜಿ. 'ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ' ಅಂತ ಶುರು ಮಾಡಿ 'ದಯವಿಟ್ಟು ಕೊಡಬೇಕಾಗಿ ವಿನಂತಿ' ಅಂತ ಮುಗಿಸುವ ಪತ್ರ. ಆ ಬೇಡುವ ದನಿ ನಮ್ಮ ಕೈಗೆ ಎಷ್ಟು ಅಂಟಿಕೊಂಡಿದೆ ಅಂದರೆ, ಮನೆಯ ಕಷ್ಟ, ತಂಗಿಯ ಓದು, ತಂದೆಯ ಸಾಲ ಎಲ್ಲವನ್ನೂ ಬರೆದ ಅರ್ಜಿಗಳನ್ನು ನಾನು ನೋಡಿದ್ದೇನೆ, ಓದಿ ಮನಸ್ಸು ಕರಗಿದೆ, ಆದರೂ ಆ ಹುಡುಗರಿಗೆ ಯಾವ ಕೆಲಸ ಬರುತ್ತದೆ ಅಂತ ಕೊನೆವರೆಗೂ ಗೊತ್ತಾಗಿಲ್ಲ. ಇದು ಬೇಡಿಕೆಯ ಪತ್ರ ಅಲ್ಲ, ಅವರ ಕೆಲಸಕ್ಕೂ ನಿಮ್ಮ ಕೆಲಸಕ್ಕೂ ನಂಟು ತೋರಿಸುವ ಪತ್ರ.

ಆ ನಂಟು ನಿಮ್ಮಲ್ಲಿ ಧಾರಾಳವಾಗಿದೆ. ಮಂಡಿಯಲ್ಲಿ ಒಬ್ಬೊಬ್ಬ ರೈತರಿಗೂ ಒಂದೊಂದು ಖಾತೆ. ಕೊಟ್ಟ ಮುಂಗಡ, ಬಂದ ಮಾಲು, ಕೊನೆಗೆ ಲೆಕ್ಕ ಮುಗಿಸಿ ದುಡ್ಡು ಕೊಡುವುದು. ಕಾರ್ಖಾನೆಯಲ್ಲಿ ಇದನ್ನೇ ವೆಂಡರ್ ಲೆಡ್ಜರ್, ವೆಂಡರ್ ಪೇಮೆಂಟ್ ಅನ್ನುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನ ಜೊತೆ ತಾಳೆ ನೋಡಿದ್ದೀರಾ? ಅದು ಅಲ್ಲೂ ಬೇಕು. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಮುಂದಿನ ತಿಂಗಳ 11ರೊಳಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕ ಕೊಟ್ಟು ಕಟ್ಟುವ 3ಬಿ ಮುಗಿಯಬೇಕು. ಅದಕ್ಕೆ ಬಿಲ್ ಜೋಡಿಸಿ ಆಡಿಟರಿಗೆ ಕೊಟ್ಟಿದ್ದೀರಾ? ಹಾಗಿದ್ದರೆ ತಾರೀಖಿನ ಸಮೇತ ಬರೆಯಿರಿ. ಆ ದಿನಗಳ ಗಡಿಬಿಡಿ ಗೊತ್ತಿರುವವರು ಬೇಕು ಅಂತಲೇ ಅವರು ಹುಡುಕುತ್ತಿರುತ್ತಾರೆ. ಮಾಡದಿದ್ದರೆ ಬರೆಯಬೇಡಿ, ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಜಾಹೀರಾತನ್ನು ಮುಂದೆ ಇಟ್ಟುಕೊಳ್ಳಿ. ಅದರಲ್ಲಿ ಕೇಳಿದ ಎರಡೋ ಮೂರೋ ಕೆಲಸಕ್ಕೆ ಗೆರೆ ಎಳೆಯಿರಿ. ಅಷ್ಟಕ್ಕೇ ಉತ್ತರ ಕೊಡಿ. ಹೆಚ್ಚುಕಡಿಮೆ ಹೀಗೆ:

'ನಿಮ್ಮ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಎರಡು ವರ್ಷದಿಂದ ಸಾಗರದ ಅಡಿಕೆ ಮಂಡಿಯಲ್ಲಿ ಸುಮಾರು ಇನ್ನೂರು ರೈತರ ಖಾತೆಗಳನ್ನು ಟ್ಯಾಲಿಯಲ್ಲಿ ನೋಡಿಕೊಳ್ಳುತ್ತಿದ್ದೇನೆ. ಸುಗ್ಗಿ ಸಮಯದಲ್ಲಿ ದಿನಕ್ಕೆ ನಲವತ್ತು ಪಾವತಿ ಇರುತ್ತವೆ, ಆ ದಿನದ ನಗದು ಮತ್ತು ಬ್ಯಾಂಕ್ ಲೆಕ್ಕ ಅಂದೇ ಮುಗಿಸುತ್ತೇನೆ. ಕಾರ್ಖಾನೆಯ ಸ್ಟಾಕ್ ಲೆಕ್ಕ ನನಗೆ ಹೊಸದು, ಕಲಿಯಬೇಕು. 15 ದಿನದಲ್ಲಿ ಸೇರಬಲ್ಲೆ, ಬೆಂಗಳೂರಿನಲ್ಲಿ ಉಳಿಯಲು ವ್ಯವಸ್ಥೆ ಆಗಿದೆ.'

ಇನ್ನೂರು, ನಲವತ್ತು ನಾನು ಹಾಕಿದ ಲೆಕ್ಕ, ಅಲ್ಲಿ ನಿಮ್ಮದನ್ನು ಹಾಕಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿರುವುದು ಬೇಕಂತಲೇ. ಉಳಿದದ್ದನ್ನೂ ನಂಬಬಹುದು ಅಂತ ಓದುವವರಿಗೆ ಅನ್ನಿಸುತ್ತದೆ. ಕೊನೆಯ ಸಾಲು ಬಿಡಲೇಬೇಡಿ. ದೂರದ ಊರಿನವರ ಅರ್ಜಿ ನೋಡಿದಾಗ ಇವರು ನಿಜವಾಗಿ ಬರ್ತಾರಾ ಅನ್ನುವ ಅನುಮಾನ ಮೊದಲು ಬರುತ್ತದೆ. ಮಂಡಿಯ ಒಟ್ಟು ವಹಿವಾಟು, ರೈತರ ಹೆಸರು ಬರೆಯಬೇಡಿ, ಅದು ನಿಮ್ಮನ್ನು ನಂಬಿದವರ ವಿಷಯ.

ಚಾಟ್‌ಜಿಪಿಟಿ ಬೇಡ ಅನ್ನುವುದಿಲ್ಲ. ಮೊದಲು ನೀವೇ ಕನ್ನಡದಲ್ಲೋ ಹರಕು ಮುರುಕು ಇಂಗ್ಲಿಷ್‌ನಲ್ಲೋ ಬರೆದು, ಆಮೇಲೆ ಭಾಷೆ ತಿದ್ದಿಸಿಕೊಳ್ಳಿ. ತಿದ್ದಿದ್ದನ್ನು ಜೋರಾಗಿ ಓದಿ. ಎದುರು ಕೂತು ಹೇಳಲು ಬಾಯಿ ಬರದ ಪದ ಯಾವುದಿದ್ದರೂ ತೆಗೆದುಹಾಕಿ.

ಪತ್ರ ಅರ್ಧ ಪುಟ ಸಾಕು. ಬೇರೆ ಫೈಲ್ ಕೇಳದಿದ್ದರೆ ಮೇಲ್‌ನಲ್ಲೇ ಬರೆಯಿರಿ. ವಿಷಯದ ಜಾಗದಲ್ಲಿ ಹುದ್ದೆಯ ಹೆಸರು, ನಿಮ್ಮ ಹೆಸರು. ಸಂಬಳದ ಮಾತು ಕೇಳಿದರೆ ಮಾತ್ರ. ಕಳಿಸುವ ಮುಂಚೆ ಕಂಪನಿ ಹೆಸರು ಸರಿ ಇದೆಯಾ ನೋಡಿ, ಇಪ್ಪತ್ತು ಕಡೆ ಕಳಿಸುವಾಗ ತಪ್ಪುವುದು ಅಲ್ಲೇ. ಇಪ್ಪತ್ತರ ಬದಲು ಈ ವಾರ ಐದು ಕಳಿಸಿ, ಒಂದೊಂದನ್ನೂ ಆಯಾ ಜಾಹೀರಾತು ನೋಡಿಕೊಂಡೇ ಬರೆಯಿರಿ.

ಪ್ರಶ್ನೆ: ನಮ್ಮ ತಾಲ್ಲೂಕಿನ ಪತ್ತಿನ ಸಹಕಾರ ಸಂಘದವರು 'ಸ್ವಹಸ್ತಾಕ್ಷರದಲ್ಲಿ ಅರ್ಜಿ ಸಲ್ಲಿಸಿ' ಅಂದಿದ್ದಾರೆ. ಕನ್ನಡದಲ್ಲಿ ಬರೆದರೆ ಕೀಳಾಗಿ ನೋಡ್ತಾರಾ? ಟೈಪ್ ಮಾಡಿಸಲಾ?
— ಓದುಗ, ಹಾವೇರಿ ಜಿಲ್ಲೆ

ಉತ್ತರ: ಟೈಪ್ ಮಾಡಿಸಬೇಡಿ. ಕೈಬರಹ ಕೇಳಿದ್ದಾರೆ ಅಂದರೆ ಕೈಯಲ್ಲೇ ಬರೆಯಿರಿ. ಜಾಹೀರಾತು ಕನ್ನಡದಲ್ಲಿದ್ದರೆ ಅರ್ಜಿಯೂ ಕನ್ನಡದಲ್ಲೇ ಇರಲಿ. ಅಲ್ಲಿ ನೀವು ದಿನವಿಡೀ ಮಾತಾಡುವುದು ಕನ್ನಡದ ಸದಸ್ಯರ ಜೊತೆ ತಾನೇ? ಮೊದಲು ರಫ್ ಹಾಳೆಯಲ್ಲಿ ಬರೆದು, ಆಮೇಲೆ ಗೆರೆ ಇಲ್ಲದ ಬಿಳಿ ಹಾಳೆಗೆ ಇಳಿಸಿ. ಪಿಗ್ಮಿ ಸಂಗ್ರಹವೋ ಅಂಗಡಿ ಲೆಕ್ಕವೋ ಮಾಡಿದ್ದರೆ ಎಷ್ಟು ದಿನ, ಎಷ್ಟು ಮನೆ ಅಂತ ಎರಡನೇ ಸಾಲಿನಲ್ಲೇ ಬರಲಿ. ಸಲ್ಲಿಸುವ ಮುಂಚೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಸಂದರ್ಶನಕ್ಕೆ ಕರೆದಾಗ ಏನು ಬರೆದಿದ್ದೆ ಅಂತ ಬಸ್ಸಿನಲ್ಲೇ ಒಮ್ಮೆ ಓದಿಕೊಳ್ಳಬಹುದು.